ಮೂರು ರಾಜ್ಯಗಳಲ್ಲಿ ಹಂಚಿಹೋದ ಒಂದು ಗೆರೆ

ಬಳ್ಳಾರಿ ಯಾರಿಗೆ ಸೇರಬೇಕು ಎಂಬ ಪ್ರಶ್ನೆಗೆ ನಮ್ಮಲ್ಲಿ ಪುಸ್ತಕಗಳಿವೆ, ಭಾಷಣಗಳಿವೆ, ಆಯೋಗಗಳ ವರದಿಗಳಿವೆ, ವಿಲೀನದ ಹಿಂದಿನ ರಾತ್ರಿ ಪ್ರಾಣ ತೆತ್ತ ಪಿಂಜಾರ ರಂಜಾನ್ ಸಾಬರ ನೆನಪಿದೆ. ಬಳ್ಳಾರಿ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಬಹಳ ಕಾಲ ಯಾರೂ ಕೇಳಿದಂತಿಲ್ಲ. ಗಣಿಗಾರಿಕೆಯ ಗದ್ದಲದಲ್ಲಿ ಆ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋದಾಗ ನಾನೂ ಎಲ್ಲರಂತೆ ಪತ್ರಿಕೆಗಳಲ್ಲಿ ಓದಿದೆ. ಓದಿದಷ್ಟೂ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಲೇ ಉಳಿಯಿತು. ಎರಡು ರಾಜ್ಯಗಳು, ಎರಡು ಅರಣ್ಯ ಇಲಾಖೆಗಳು, ಎರಡು ಕಂದಾಯ ಇಲಾಖೆಗಳು, ಭಾರತೀಯ ಸರ್ವೇಕ್ಷಣಾ ಇಲಾಖೆ ಇಷ್ಟೆಲ್ಲ ಇದ್ದೂ ಒಂದು ಬೆಟ್ಟದ ನೆತ್ತಿಯ ಮೇಲೆ ಗಡಿ ಎಲ್ಲಿ ಹಾದಿದೆ ಎಂದು ಹೇಳಲು 1896ರ ಒಂದು ಅರಣ್ಯ ನಕ್ಷೆಯನ್ನು ಹೊರತೆಗೆಯಬೇಕಾಯಿತು. ಆ ನಕ್ಷೆ ಬರೆದವರಿಗೆ ಕರ್ನಾಟಕವೂ ಗೊತ್ತಿರಲಿಲ್ಲ, ಆಂಧ್ರವೂ ಗೊತ್ತಿರಲಿಲ್ಲ. ಅವರು ಗುರುತಿಸಿದ್ದು ಮದ್ರಾಸ್ ಪ್ರಾಂತದ ಒಂದು ಜಿಲ್ಲೆಯೊಳಗಿನ ಮೀಸಲು ಕಾಡಿನ ಅಂಚನ್ನು.

ನಾನು ಬಳ್ಳಾರಿಯವನು. ತಾಯಿಯ ತವರು ರಾಯದುರ್ಗದ ಕಡೆ. ಬೇಸಗೆ ರಜೆಯಲ್ಲಿ ಅಲ್ಲಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಅಂಗಡಿಯ ಹಲಗೆಗಳ ಲಿಪಿ ಬದಲಾಗುವುದನ್ನು ನೋಡಿ ಗಡಿ ದಾಟಿದ್ದನ್ನು ತಿಳಿದುಕೊಳ್ಳುತ್ತಿದ್ದೆವು. ಮನೆಯೊಳಗೆ ಕಾಲಿಟ್ಟರೆ ಎರಡೂ ಭಾಷೆ ಒಂದೇ ಉಸಿರಿನಲ್ಲಿ ಹರಿಯುತ್ತಿದ್ದವು. ಆದ್ದರಿಂದ ಯಾವ ಊರು ಯಾರದಾಗಬೇಕಿತ್ತು ಎಂಬ ಹಳೆಯ ವ್ಯಾಜ್ಯವನ್ನು ಮತ್ತೆ ಕೆದಕುವ ಉದ್ದೇಶದಿಂದ ನಾನು ಈ ಹುಡುಕಾಟಕ್ಕೆ ಇಳಿದವನಲ್ಲ. ಗೆರೆ ಇದೆ, ಇರಲಿ. ಆ ಗೆರೆಯನ್ನು ಮೊದಲು ಕಾಗದದ ಮೇಲೆ ಎಳೆದವರು ಯಾರು, ಆ ಕಾಗದ ಈಗ ಎಲ್ಲಿದೆ, ಅದನ್ನು ಸಾಮಾನ್ಯ ನಾಗರಿಕನೊಬ್ಬ ನೋಡಬಹುದೇ ಎಂಬುದಷ್ಟೇ ನನಗೆ ಬೇಕಿತ್ತು.

ಕಾಯ್ದೆ ಹೇಳಿದ್ದು, ಹೇಳದೆ ಬಿಟ್ಟಿದ್ದು

ಹುಡುಕಾಟವನ್ನು ಸಹಜವಾಗಿಯೇ ಮೇಲಿನಿಂದ ಆರಂಭಿಸಿದೆ. ಪ್ರತ್ಯೇಕ ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೂತಿದ್ದ ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರಿನಲ್ಲಿ ತೀರಿಕೊಂಡ ನಂತರ ನಡೆದದ್ದೆಲ್ಲ ಬಲು ವೇಗವಾಗಿ ನಡೆಯಿತು. ಆಂಧ್ರ ರಾಜ್ಯದ ರಚನೆಯ ಬಗ್ಗೆ ನ್ಯಾಯಮೂರ್ತಿ ವಾಂಛೂ ಅವರ ವರದಿ 1953ರ ಆರಂಭದಲ್ಲೇ ಬಂತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಎಂದೂ ಉಳಿದವು ಮೈಸೂರಿಗೆ ಎಂದೂ ಹಂಚಿಕೆಯಾಗಿ, ಕನ್ನಡ, ತೆಲುಗು, ಉರ್ದು ಮೂರೂ ಬೆರೆತ ಬಳ್ಳಾರಿ ತಾಲ್ಲೂಕು ಮಾತ್ರ ವಿವಾದದಲ್ಲಿ ಉಳಿಯಿತು. ಅದಕ್ಕಾಗಿ ಹೈದರಾಬಾದಿನ ಮುಖ್ಯ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ಏಕಸದಸ್ಯ ಸಮಿತಿ ಬಂತು. ಬಳ್ಳಾರಿ ತಾಲ್ಲೂಕು ಮೈಸೂರಿಗೆ ಎಂದಾಯಿತು. ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿ ಮೈಸೂರು ಸೇರಿತು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ತುಂಗಭದ್ರಾ ಯೋಜನೆಯ ಹಿತವನ್ನು ಮುಂದಿಟ್ಟು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿದಾಗ ಇಡೀ ವಿವಾದ ಮತ್ತೊಮ್ಮೆ ಹೊತ್ತಿಕೊಂಡಿತು. ಆ ಶಿಫಾರಸನ್ನು ಒಪ್ಪಲಿಲ್ಲ. ಇದು ಬಳ್ಳಾರಿಯ ಪ್ರತಿ ಮನೆಯ ಹಿರಿಯರಿಗೂ ಗೊತ್ತಿರುವ ಕಥೆ.

ಈ ನಿರ್ಧಾರವನ್ನು ಕಾನೂನಾಗಿಸಿದ್ದು ಆಂಧ್ರ ರಾಜ್ಯ ಕಾಯ್ದೆ 1953. ಅದರಲ್ಲಿ ಗಡಿಯ ವಿವರಣೆ ಇರುತ್ತದೆ, ಅನುಸೂಚಿಯಲ್ಲಿ ಹಳ್ಳಿಗಳ ಪಟ್ಟಿ ಇರುತ್ತದೆ, ಜೊತೆಗೊಂದು ನಕ್ಷೆಯಾದರೂ ಇರುತ್ತದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಕಾಯ್ದೆ ಮಾಡಿರುವುದು ತಾಲ್ಲೂಕುಗಳ ಹೆಸರು ಹೇಳುವ ಕೆಲಸವನ್ನಷ್ಟೇ. ಇಂತಿಂಥ ಜಿಲ್ಲೆಗಳು, ಬಳ್ಳಾರಿ ಜಿಲ್ಲೆಯ ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ. ಆ ಮೂರನ್ನು ಬಿಟ್ಟು ಬಳ್ಳಾರಿ ಜಿಲ್ಲೆಯ ಮಿಕ್ಕ ಭಾಗ ಮೈಸೂರಿಗೆ. ರಾಯದುರ್ಗ ತಾಲ್ಲೂಕು ಎಂದರೆ ಯಾವ ಹಳ್ಳಿಗಳು, ಆ ಹಳ್ಳಿಗಳು ಎಲ್ಲಿಂದ ಎಲ್ಲಿಯವರೆಗೆ, ಕಾಡಿನೊಳಗೆ ತಾಲ್ಲೂಕಿನ ಅಂಚು ಎಲ್ಲಿ ಹಾದುಹೋಗುತ್ತದೆ ಎಂಬುದನ್ನೆಲ್ಲ ಕಾಯ್ದೆ ಈಗಾಗಲೇ ತಿಳಿದ ವಿಷಯವೆಂದು ಭಾವಿಸಿತು. ಇದು ಬಳ್ಳಾರಿಗೆ ಮಾತ್ರ ಆದದ್ದೂ ಅಲ್ಲ. ಭಾರತದ ಅಧಿಕೃತ ನಕ್ಷೆಯ ಮೂಲೆಯಲ್ಲಿ ಸಣ್ಣಕ್ಷರದ ಟಿಪ್ಪಣಿಗಳಿರುತ್ತವೆ. ಅಸ್ಸಾಂ, ಮೇಘಾಲಯ, ಅರುಣಾಚಲಗಳ ನಡುವಿನ ಗಡಿಗಳನ್ನು 1971ರ ಕಾಯ್ದೆಯನ್ನು ಅರ್ಥೈಸಿ ತೋರಿಸಲಾಗಿದೆ, ಅವು ಇನ್ನೂ ಪರಿಶೀಲನೆಗೊಳಪಡಬೇಕಿದೆ ಎಂದು ಅವುಗಳಲ್ಲೊಂದು ಹೇಳುತ್ತದೆ. ಶಾಲೆಯ ಗೋಡೆಯ ಮೇಲೆ ತೂಗುವ ನಕ್ಷೆಯ ಆ ಸಾಲನ್ನು ನಾವು ಓದುವುದೇ ಅಪರೂಪ. ಸಂಸತ್ತು ಹೆಸರು ಹೇಳುತ್ತದೆ. ನೆಲದ ಮೇಲೆ ಆ ಹೆಸರಿನ ಅಂಚು ಎಲ್ಲಿದೆ ಎನ್ನುವುದನ್ನು ತಾಲ್ಲೂಕು ಕಚೇರಿಯ ಹಳೆಯ ಕಾಗದವೇ ಹೇಳಬೇಕು.

ಹೀಗೆ ನನ್ನ ಹುಡುಕಾಟ 1953ರಿಂದ ಹಿಂದಕ್ಕೆ ಸರಿಯಿತು. ವಾಂಛೂ, ಮಿಶ್ರಾ ವರದಿಗಳು ಭಾಷೆಯ ಅಂಕಿಅಂಶ, ಆಡಳಿತದ ಅನುಕೂಲ, ನೀರಾವರಿಯ ಹಿತಾಸಕ್ತಿಗಳನ್ನು ತೂಗಿದ್ದವು. ಬೆಟ್ಟದ ಯಾವ ಏಣಿನ ಮೇಲೆ ಗೆರೆ ಬೀಳುತ್ತದೆ ಎಂಬುದು ಅವರ ಮುಂದಿದ್ದ ಪ್ರಶ್ನೆಯಾಗಿರಲಿಲ್ಲ. ನಮ್ಮ ಚಳವಳಿಯ ಸಾಹಿತ್ಯವೂ ಅವರ ದಾರಿಯಲ್ಲೇ ನಡೆದಿದೆ. ನಮ್ಮ ಹಿರಿಯರ ಹೋರಾಟದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಹೋರಾಡಿ ಪಡೆದದ್ದರ ಅಳತೆಪತ್ರವನ್ನು ಒಂದೆಡೆ ಕೂಡಿಡುವ ಕೆಲಸ ಅವರ ನಂತರದ ಎರಡು ತಲೆಮಾರುಗಳಿಂದ ಆಗಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಎಗ್ಮೋರಿನ ಓದುಕೋಣೆ

ದತ್ತಮಂಡಲದ ಕಾಗದಗಳ ದೊಡ್ಡ ಪಾಲು ಇರುವುದು ಚೆನ್ನೈಯಲ್ಲಿ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ದಿನದಿಂದ 1953ರವರೆಗೆ, ನೂರೈವತ್ತಕ್ಕೂ ಹೆಚ್ಚು ವರ್ಷ, ನಮ್ಮ ಊರುಗಳ ಸರ್ಕಾರ ಮದ್ರಾಸಿನಲ್ಲಿತ್ತು. ಜಿಲ್ಲೆ ಮೈಸೂರಿಗೆ ಬಂದಾಗ ಸೆಕ್ರೆಟೇರಿಯಟ್ಟಿನ ಮತ್ತು ರೆವಿನ್ಯೂ ಬೋರ್ಡಿನ ಕಡತಗಳು ಅದರ ಹಿಂದೆ ಬರಲಿಲ್ಲ. ಅವು ಈಗಲೂ ಎಗ್ಮೋರಿನ ಕೆಂಪು ಕಟ್ಟಡದಲ್ಲಿವೆ. ಹಿಂದೆ ಅದು ಮದ್ರಾಸ್ ರೆಕಾರ್ಡ್ ಆಫೀಸು, ಈಗ ತಮಿಳುನಾಡು ಪತ್ರಾಗಾರ. ಬಳ್ಳಾರಿಯ ಚರಿತ್ರೆ ಬರೆಯಬೇಕೆನ್ನುವ ಕನ್ನಡಿಗ ಬೆಂಗಳೂರಿನ ವಿಕಾಸಸೌಧದ ಪತ್ರಾಗಾರಕ್ಕಿಂತ ಮೊದಲು ಇಲ್ಲಿಗೆ ಹೋಗಬೇಕು. ಮೈಸೂರು ಸಂಸ್ಥಾನದ ಕಡತಗಳು ಬೆಂಗಳೂರಿನಲ್ಲಿ ಹೇರಳವಾಗಿವೆ. ಮದ್ರಾಸ್ ಕರ್ನಾಟಕದ ಪಾಲಿಗೆ ಅದು ಅರ್ಧ ಮನೆ ಮಾತ್ರ.

ಅಲ್ಲಿ ಕಾಗದ ಕೇಳುವ ಕ್ರಮಕ್ಕೆ ಒಗ್ಗಿಕೊಳ್ಳಲು ಸ್ವಲ್ಪ ಕಾಲ ಬೇಕು. "ಬಳ್ಳಾರಿಯ ಗಡಿಯ ಕಡತ ಕೊಡಿ" ಎಂದು ಕೇಳಿದರೆ ಯಾರಿಂದಲೂ ತೆಗೆದುಕೊಡಲಾಗದು, ಏಕೆಂದರೆ ಅಂಥ ಕಡತ ಎಂಬುದೇ ಇಲ್ಲ. ಇಲಾಖೆ, ಸರ್ಕಾರಿ ಆದೇಶದ ಸಂಖ್ಯೆ, ತಾರೀಖು ಈ ಮೂರನ್ನೂ ವರ್ಷವಾರು ಸೂಚಿಯ ದಪ್ಪ ಸಂಪುಟಗಳಲ್ಲಿ ನಾವೇ ಹುಡುಕಿ, ಚೀಟಿ ಬರೆದು ಕೊಟ್ಟು, ಕಾದು ಕೂರಬೇಕು. ಸೂಚಿಯಲ್ಲಿ ಗಡಿ ಎಂಬ ತಲೆಬರಹದ ಕೆಳಗೆ ಸಿಗುವುದು ಅಲ್ಪ. ನಮಗೆ ಬೇಕಾದದ್ದು ಅರಣ್ಯದ ಕೆಳಗಿರುತ್ತದೆ, ಸರ್ವೆಯ ಕೆಳಗಿರುತ್ತದೆ, ಗಣಿಯ ಕೆಳಗಿರುತ್ತದೆ, ಎಷ್ಟೋ ಸಲ ಬರಪರಿಹಾರದ ಕೆಳಗೂ ಇರುತ್ತದೆ. ಮದ್ರಾಸ್ ಸರ್ಕಾರದ ಆದೇಶಗಳಿಗೆ ಒಂದು ಒಳ್ಳೆಯ ಅಭ್ಯಾಸವಿತ್ತು. ಪ್ರತಿ ಆದೇಶವೂ ತಾನು ಓದಿದ ಹಿಂದಿನ ಕಾಗದಗಳ ಹೆಸರನ್ನು ಆರಂಭದಲ್ಲೇ ಹೇಳುತ್ತದೆ. ಆ ಕಾಗದವನ್ನು ತರಿಸಿದರೆ ಅದು ತನಗಿಂತ ಹಿಂದಿನದನ್ನು ಹೇಳುತ್ತದೆ. ಹೀಗೆ ಒಂದರ ಬಾಲ ಹಿಡಿದು ಇನ್ನೊಂದಕ್ಕೆ ಹೋಗುತ್ತ ಹೋಗುತ್ತ, ಗಡಿ ಎಂಬ ಮಾತೇ ಎಲ್ಲೂ ಬಾರದ ಕಾಗದಗಳ ನಡುವೆ ಗಡಿಯ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಒಂದು ಮಧ್ಯಾಹ್ನದ ಓದು ನನಗೆ ಇವತ್ತಿಗೂ ಅಚ್ಚಳಿಯದೆ ನೆನಪಿದೆ. ಮುಂದಿದ್ದದ್ದು ಮೀಸಲು ಅರಣ್ಯದ ನಿರ್ಣಯಕ್ಕೆ ಸಂಬಂಧಿಸಿದ ಕಾಗದಗಳ ಕಟ್ಟು. 1882ರ ಮದ್ರಾಸ್ ಅರಣ್ಯ ಕಾಯ್ದೆಯ ಪ್ರಕಾರ ಒಂದು ಬೆಟ್ಟವನ್ನು ಮೀಸಲು ಕಾಡೆಂದು ಘೋಷಿಸುವುದಕ್ಕೆ ಮುಂಚೆ ಸರ್ಕಾರ ತನ್ನ ಉದ್ದೇಶವನ್ನು ಪ್ರಕಟಿಸಬೇಕು, ಊರವರ ಭಾಷೆಯಲ್ಲಿ ಡಂಗುರ ಹೊಡೆಸಿ ತಕರಾರುಗಳನ್ನು ಕರೆಯಬೇಕು, ಅರಣ್ಯ ನಿರ್ಣಯಾಧಿಕಾರಿ ಪ್ರತಿಯೊಂದನ್ನೂ ವಿಚಾರಿಸಿ ತೀರ್ಪು ಬರೆಯಬೇಕು, ಕೊನೆಗೆ ಅಂತಿಮ ಅಧಿಸೂಚನೆ ಹೊರಡಬೇಕು. ಆ ಅಧಿಸೂಚನೆಯ ಜೀವ ಇರುವುದು ಅದರ ಗಡಿವಿವರಣೆಯಲ್ಲಿ. ಉತ್ತರಕ್ಕೆ ಇಂಥ ಕಲ್ಲುಗುಪ್ಪೆಯಿಂದ ಏಣಿನ ಗುಂಟ ಇಂಥ ಕಲ್ಲುಗುಪ್ಪೆಯವರೆಗೆ, ಅಲ್ಲಿಂದ ಹಳ್ಳದ ಎಡದಂಡೆ ಹಿಡಿದು ಎರಡು ಹಳ್ಳಿಗಳ ಎಲ್ಲೆ ಕೂಡುವ ಕಲ್ಲಿನವರೆಗೆ ಎಂದು ಅದು ಹೆಜ್ಜೆಹೆಜ್ಜೆಯಾಗಿ ಇಡೀ ಕಾಡನ್ನು ಸುತ್ತಿಬರುತ್ತದೆ. ಬರೆದವನು ಆ ಬೆಟ್ಟವನ್ನು ಕಾಲಿನಲ್ಲೇ ಸುತ್ತಿದ್ದಾನೆ ಎಂಬುದು ಓದುವಾಗ ಗೊತ್ತಾಗುತ್ತದೆ. ಅದೇ ಕಟ್ಟಿನಲ್ಲಿ ಹಳ್ಳಿಯವರ ಹೇಳಿಕೆಗಳಿದ್ದವು. ದನ ಮೇಯಿಸುವ ಹಕ್ಕು, ಬಂಡಿದಾರಿ, ಊಟೆಯ ನೀರು, ದೇವರ ಗುಡಿಗೆ ಹೋಗುವ ಕಾಲುದಾರಿ ಇವುಗಳ ಬಗ್ಗೆ ಊರಿನ ಲೆಕ್ಕ ಬರೆಯುವ ತಮ್ಮ ತಮ್ಮ ಕರಣಂ ಮುಂದೆ ಹೆಬ್ಬೆಟ್ಟು ಒತ್ತಿದ ಜನ. ಅವರ ಕೇಳಿಕೆ ಕಾಡಿಗೆ ಹೋಗಿಬರುವ ದಾರಿಯದಾಗಿತ್ತು, ರಾಜ್ಯದ ಗಡಿಯದಲ್ಲ. ಆದರೂ ಒಬ್ಬ ಕುರಿಗಾರ ತಾನು ಯಾವ ಕಡೆಯಿಂದ ಬೆಟ್ಟ ಹತ್ತುತ್ತಿದ್ದೆ, ಎಲ್ಲಿಯವರೆಗೆ ತನ್ನ ಊರಿನ ಮೇವು ಎಂದು ಹೇಳಿದ ಮಾತು, ನೂರು ಚಿಲ್ಲರೆ ವರ್ಷಗಳ ಮೇಲೆ, ಎಲ್ಲೆ ಎಲ್ಲಿತ್ತು ಎನ್ನುವುದಕ್ಕೆ ಇರುವ ಅತ್ಯಂತ ಪ್ರಾಮಾಣಿಕ ಸಾಕ್ಷ್ಯವಾಗುತ್ತದೆ. ಅವನಿಗೆ ಅದರಲ್ಲಿ ಸುಳ್ಳು ಹೇಳುವ ಕಾರಣವೇ ಇರಲಿಲ್ಲ.

ಅಂದು ಸಂಜೆ ಓದುಕೋಣೆ ಮುಚ್ಚುವ ಹೊತ್ತಿಗೆ, ಕಟ್ಟುಗಳನ್ನು ಹಿಂದಕ್ಕೆ ಒಯ್ಯಲು ಬಂದ ನೌಕರರು ನಾನಿನ್ನೂ ಬರೆದುಕೊಳ್ಳುತ್ತಿರುವುದನ್ನು ನೋಡಿ, ಸದ್ದಿಲ್ಲದೆ ಪಕ್ಕದ ಮೇಜಿನ ಕಟ್ಟುಗಳನ್ನು ಮೊದಲು ಒಯ್ದು ನನ್ನದನ್ನು ಕೊನೆಗೆ ಇಟ್ಟುಕೊಂಡರು. ಇಂಥ ಸಣ್ಣ ದಯೆಗಳಿಲ್ಲದೆ ಪತ್ರಾಗಾರದ ಕೆಲಸ ಯಾರಿಗೂ ಸಾಗುವುದಿಲ್ಲ. ಎಲ್ಲ ಕಡೆಯೂ ಇದೇ ಅನುಭವವಾಯಿತು ಎನ್ನುವಂತಿಲ್ಲ. ಬೇರೊಂದು ಊರಿನ ಕಚೇರಿಯಲ್ಲಿ ನಾನು ಅರ್ಜಿ ಹಾಕಿ ಕೇಳಿದ ಗ್ರಾಮನಕಾಶೆಗೆ "ಲಭ್ಯವಿಲ್ಲ" ಎಂಬ ಒಂದೇ ಮಾತಿನ ಉತ್ತರ ಬಂತು. ಹುಡುಕಿ ಸಿಗಲಿಲ್ಲವೇ, ಹುಳು ತಿಂದಿತೇ, ನಿಯಮದ ಪ್ರಕಾರ ಅವಧಿ ಮುಗಿದು ನಾಶಪಡಿಸಿದರೇ ಎಂಬುದು ಆ ಉತ್ತರದಿಂದ ತಿಳಿಯುವುದಿಲ್ಲ. ಈ ಮೂರರ ನಡುವಿನ ವ್ಯತ್ಯಾಸ ಬಹಳ ದೊಡ್ಡದು. ಹುಡುಕಿ ಸಿಗದ ಕಾಗದ ನಾಳೆ ಸಿಗಬಹುದು.

ಒಂದೇ ಎಲ್ಲೆ, ಎರಡು ನಕಾಶೆ

ಬಳ್ಳಾರಿ ಸೀಮೆಯ ಹೊಲಗಳ ಅಳತೆ ಥಾಮಸ್ ಮನ್ರೋ ಕಾಲಕ್ಕೆ ಹೋಗುತ್ತದೆ. 1800ರಿಂದ 1807ರವರೆಗೆ ದತ್ತಮಂಡಲದ ಪ್ರಧಾನ ಕಲೆಕ್ಟರ್ ಆಗಿದ್ದ ಆತ ಹೊಲ ಹೊಲವನ್ನೂ 33 ಅಡಿಯ ಸರಪಳಿಯಲ್ಲಿ ಅಳೆಯಿಸಿದ. ಸರಪಳಿಯುದ್ದ, ಸರಪಳಿಯಗಲದ ಚೌಕ 1,089 ಚದರಡಿ. ಅಂಥ 40 ಸೇರಿದರೆ ಒಂದು ಎಕರೆ. ನಾವು ಇವತ್ತಿಗೂ ಗುಂಟೆ ಎಂದು ಲೆಕ್ಕ ಹಾಕುವುದು ಅದನ್ನೇ. ಆ ಅಳತೆಗೆ ಕಂದಾಯದ ಗುರಿಯಿತ್ತೇ ಹೊರತು ನಕ್ಷೆಯ ಗುರಿಯಿರಲಿಲ್ಲ. ಹಳ್ಳಿಹಳ್ಳಿಯ ನಕಾಶೆಗಳು, ಹೊಲದ ಅಳತೆ ಪುಸ್ತಕಗಳು, ಮೂರೂರು ಕೂಡುವ ಕಲ್ಲುಗಳ ದಾಖಲೆಗಳು ಸಿದ್ಧವಾದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸ್ ಸರ್ವೆ ಇಲಾಖೆ ಕೈಗೊಂಡ ಮೋಜಣಿಯಲ್ಲಿ. ಮೈಸೂರು ಕಡೆಯವರು ಟಿಪ್ಪಣಿ, ಆಕಾರಬಂದ್ ಎನ್ನುವ ಕಡೆ ನಮ್ಮವರು ಎಫ್.ಎಂ.ಬಿ. (ಹೊಲದ ಅಳತೆ ಪುಸ್ತಕ), ಡೈಗ್ಲಾಟ್ (ಎರಡು ಭಾಷೆಯ ಕಂದಾಯ ರಿಜಿಸ್ಟರು), ಅಡಂಗಲ್ (ಸಾಗುವಳಿಯ ಲೆಕ್ಕ) ಎನ್ನುತ್ತಾರೆ.

ಈ ಕಾಗದಗಳನ್ನು ಓದುವುದನ್ನು ನನಗೆ ಕಲಿಸಿದವರು ಸರ್ವೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು. ಅವರ ಮನೆಯ ಹಜಾರದಲ್ಲಿ, ಜಮಖಾನದ ಮೇಲೆ, ಎಫ್.ಎಂ.ಬಿ.ಯ ಒಂದು ಹಾಳೆಯನ್ನು ಹರಡಿ, ನಾಲ್ಕು ಮೂಲೆಗೂ ಒಂದೊಂದು ಲೋಟ ಇಟ್ಟು ಕೂತಿದ್ದರು. ಹೊಲದ ಮೂಲೆಯ ಕಲ್ಲಿನಿಂದ ಮೂಲೆಯ ಕಲ್ಲಿಗೆ ಹಾದ ಜಿ ಲೈನ್, ಅದರಿಂದ ಅಂಚಿನ ಪ್ರತಿ ತಿರುವಿಗೂ ಎಳೆದ ಅಡ್ಡಗೆರೆಗಳು, ಗೆರೆಯ ಮೇಲೆ ಇರುವೆಯಂಥ ಅಂಕಿಗಳಲ್ಲಿ ಬರೆದ ಲಿಂಕುಗಳ, ಅಂದರೆ ಸರಪಳಿಯ ಕೊಂಡಿಗಳ, ಲೆಕ್ಕ. ಅವರು ಬೆರಳಿಡದೆ, ಊದಿನಕಡ್ಡಿಯ ತುದಿಯಿಂದ ಒಂದೊಂದನ್ನೇ ತೋರಿಸುತ್ತ ಹೋದರು. "ನೋಡಪ್ಪಾ, ಕಲ್ಲು ಕಿತ್ತರೂ ಕಲ್ಲು ಇರುತ್ತೆ. ಉಳಿದ ಎರಡು ಕಲ್ಲು, ಈ ಲೆಕ್ಕ, ಒಂದು ಸರಪಳಿ ಇದ್ದರೆ ಅದೇ ಜಾಗದಲ್ಲಿ ಮತ್ತೆ ನೆಡ್ತೀನಿ" ಎಂದರು. "ಎರಡೂ ಇಲ್ಲದಿದ್ದರೆ, ಸಾರ್?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಿದ್ದು, "ಆಗ ಪಕ್ಕದೂರಿನ ಪುಸ್ತಕ ತರಿಸಬೇಕು. ಒಂದು ಊರಿನ ಎಲ್ಲೆಯನ್ನು ಎರಡು ಊರಿನವರು ಬರೆದಿರ್ತಾರೆ" ಎಂದರು.

ಆ ಕೊನೆಯ ಮಾತು ನನ್ನ ಹುಡುಕಾಟದ ದಿಕ್ಕನ್ನೇ ಬದಲಿಸಿತು. ಯಾವ ಎಲ್ಲೆಗೂ ಎರಡು ಪ್ರತಿ ಇರುತ್ತದೆ. ಈಚೆಯ ಊರಿನ ನಕಾಶೆಯ ಪೂರ್ವದ ಅಂಚು, ಆಚೆಯ ಊರಿನ ನಕಾಶೆಯ ಪಶ್ಚಿಮದ ಅಂಚು. ಅವೆರಡನ್ನೂ ಜೋಡಿಸಿ ನೋಡಿದರೆ ತಿರುವಿಗೆ ತಿರುವು ಕೂಡಬೇಕು, ಕೂಡದ ಕಡೆ ಯಾರೋ ತಪ್ಪು ಅಳೆದಿದ್ದಾರೆ ಅಥವಾ ಆಮೇಲೆ ತಿದ್ದಿದ್ದಾರೆ. ಮದ್ರಾಸ್ ಪ್ರಾಂತದಲ್ಲಿ ಈ ಎರಡೂ ಪ್ರತಿ ಒಂದೇ ಜಿಲ್ಲೆಯ ಒಂದೇ ರೆಕಾರ್ಡು ಕೋಣೆಯಲ್ಲಿದ್ದವು. 1953ರ ಅಕ್ಟೋಬರಿನಲ್ಲಿ ಜಿಲ್ಲೆ ಒಡೆದಾಗ ಹಳ್ಳಿಗಳ ಜೊತೆ ಅವುಗಳ ಕಾಗದಗಳೂ ಒಡೆದವು. ರಾಯದುರ್ಗದ ಹಳ್ಳಿಗಳ ಕಾಗದ ಅನಂತಪುರದ ಕಡೆ, ಬಳ್ಳಾರಿ, ಸಂಡೂರು ಹಳ್ಳಿಗಳ ಕಾಗದ ಮೈಸೂರಿನ ಕಡೆ. ಅವೆರಡಕ್ಕೂ ತಾಯಿಯಾದ ಆದೇಶಗಳು, ಮೂಲ ಮೋಜಣಿಯ ಪತ್ರವ್ಯವಹಾರ ಮದ್ರಾಸಿನಲ್ಲಿ. ಗಡಿಯ ಒಂದು ಮೈಲಿಯನ್ನು ಸಂಶಯವಿಲ್ಲದೆ ಓದಬೇಕಾದರೆ ಮೂರು ರಾಜ್ಯಗಳ ಬಾಗಿಲು ತಟ್ಟಬೇಕು. ನಮ್ಮ ಪ್ರತಿಯೊಂದನ್ನೇ ಹಿಡಿದು ವಾದಿಸುವವನಿಗೆ ಸಾಕ್ಷ್ಯದ ಅರ್ಧ ಮಾತ್ರ ಗೊತ್ತಿರುತ್ತದೆ. ಅವರ ಪ್ರತಿಯೊಂದನ್ನೇ ಹಿಡಿದವನಿಗೂ ಅಷ್ಟೇ.

ಸಂಡೂರಿನ ವಿಷಯ ಇನ್ನೂ ಬೇರೆ. 1949ರವರೆಗೆ ಅದು ಘೋರ್ಪಡೆ ಮನೆತನದ ಸಂಸ್ಥಾನ. ಅದರ ಎಲ್ಲೆ ಎಂದರೆ ಒಂದು ಸಂಸ್ಥಾನಕ್ಕೂ ಬ್ರಿಟಿಷ್ ಜಿಲ್ಲೆಗೂ ನಡುವಿನ ಎಲ್ಲೆ. ಬಳ್ಳಾರಿಯ ಕಲೆಕ್ಟರೇ ಬಹಳ ಕಾಲ ಸಂಡೂರಿನ ಪೊಲಿಟಿಕಲ್ ಏಜೆಂಟ್ ಕೂಡ ಆಗಿದ್ದುದರಿಂದ ಅದಕ್ಕೆ ಸಂಬಂಧಿಸಿದ ಪತ್ರಗಳು ಕಂದಾಯದ ಕಡತಗಳಲ್ಲಿಯೂ ಇರಬಹುದು, ರಾಜಕೀಯ ಶಾಖೆಯ ಕಡತಗಳಲ್ಲಿಯೂ ಇರಬಹುದು. ದಿಲ್ಲಿಯ ರಾಷ್ಟ್ರೀಯ ಅಭಿಲೇಖಾಗಾರ ತನ್ನ ಸೂಚಿಗಳನ್ನೂ ಅನೇಕ ಕಡತಗಳನ್ನೂ ಅಂತರ್ಜಾಲದಲ್ಲಿ ಇಟ್ಟಿರುವುದು ಇಲ್ಲಿ ನಿಜವಾಗಿ ಉಪಕಾರಕ್ಕೆ ಬರುತ್ತದೆ. ಮನೆಯಲ್ಲಿ ಕೂತೇ ಸಂಡೂರಿನ ಹೆಸರಿನ ಕೆಳಗೆ ಏನೇನಿದೆ ಎಂದು ತಿಳಿದುಕೊಳ್ಳಬಹುದು.

ಬೆಟ್ಟದ ಮೇಲೆ

ಈಗ ಬೆಟ್ಟಕ್ಕೆ ಬರೋಣ. ಸಂಡೂರು ತಾಲ್ಲೂಕಿನ ತುಮಟಿ, ವಿಠಲಾಪುರ, ಆಂಧ್ರದ ಕಡೆಯ ಮಲಪನಗುಡಿ, ಸಿದ್ದಾಪುರಂ, ಓಬಳಾಪುರಂ. ಹೆಸರುಗಳು ಈಗ ದೇಶಕ್ಕೆಲ್ಲ ಗೊತ್ತು. ಊರುಗಳ ನಡುವಿನ ಹೊಲಗಳಲ್ಲಿ ಎಲ್ಲೆಯ ವಿವಾದ ಬೇಗ ತೀರುತ್ತದೆ, ಏಕೆಂದರೆ ಅಲ್ಲಿ ಉಳುವವನಿದ್ದಾನೆ, ಬದು ಇದೆ, ಪಟ್ಟಾ ಇದೆ. ಕಾಡಿನೊಳಗೆ ಉಳುವವನಿಲ್ಲ. ಮೀಸಲು ಅರಣ್ಯ ಒಂದೇ ಇಲಾಖೆಯ ಸ್ವತ್ತಾಗಿದ್ದಷ್ಟು ಕಾಲ ಅದರ ಒಳಗೆ ಬಳ್ಳಾರಿ ತಾಲ್ಲೂಕು ಎಲ್ಲಿ ಮುಗಿದು ರಾಯದುರ್ಗ ಎಲ್ಲಿ ಆರಂಭವಾಗುತ್ತದೆ ಎಂದು ಕಲ್ಲು ನೆಡುವ ಅಗತ್ಯ ಯಾರಿಗೂ ಬೀಳಲಿಲ್ಲ. 1953ರ ನಂತರವೂ ಐವತ್ತು ವರ್ಷ ಯಾರಿಗೂ ಬೀಳಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಮಾತ್ರ ಆ ಬೆಟ್ಟದ ಪ್ರತಿ ಮಾರು ನೆಲವೂ ಯಾವ ರಾಜ್ಯದ್ದು ಎಂಬುದು ಕೋಟಿಗಟ್ಟಲೆಯ ಪ್ರಶ್ನೆಯಾಯಿತು.

ಎಷ್ಟು ಸಣ್ಣ ತಪ್ಪಿಗೆ ಎಷ್ಟು ನೆಲ ಹೋಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಒಂದಂಗುಲಕ್ಕೆ ಒಂದು ಮೈಲಿ ಅಳತೆಯ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಮಸಿಗೆರೆ ನೆಲದ ಮೇಲೆ ಸುಮಾರು 32 ಮೀಟರ್ ಅಗಲವಾಗುತ್ತದೆ. ಅಂದರೆ ಗೆರೆಯ ಈಚೆ ಅಂಚು ಹಿಡಿಯಬೇಕೋ ಆಚೆ ಅಂಚೋ ಎಂಬ ಪ್ರಶ್ನೆಯೇ ಒಂದು ಗಣಿಗುಂಡಿಯನ್ನು ನುಂಗಬಲ್ಲದು. ದಿಕ್ಸೂಚಿ ಹಿಡಿದು ನಡೆದವನು ಒಂದು ಡಿಗ್ರಿ ತಪ್ಪಿದರೆ ಮೈಲಿ ದೂರ ಹೋಗುವಷ್ಟರಲ್ಲಿ ಸುಮಾರು 28 ಮೀಟರ್ ಪಕ್ಕಕ್ಕೆ ಸರಿದಿರುತ್ತಾನೆ. ಅದೂ ಅಯಸ್ಕಾಂತಗುಣದ ಅದಿರು ಇರುವ ಬೆಟ್ಟದಲ್ಲಿ ದಿಕ್ಸೂಚಿಯ ಮುಳ್ಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಬೇರೆ ಮಾತು. ಆದ್ದರಿಂದಲೇ ಹಳೆಯ ಮೋಜಣಿದಾರರು ಗೆರೆಗಿಂತ ಗುರುತುಗಳನ್ನು ನಂಬಿದರು. ಏಣು, ಹಳ್ಳ, ಬಂಡೆ, ಗುಡಿ, ಮೂರೂರು ಕೂಡುವ ಕಲ್ಲು. ವಿಠಲಾಪುರ, ತುಮಟಿ, ಮಲಪನಗುಡಿ ಈ ಮೂರು ಊರು ಕೂಡುವ ಬಿಂದು ಎಲ್ಲಿ ಎಂಬುದರ ಸುತ್ತಲೇ ಇಡೀ ಸರ್ವೆಯ ವಾದ ಸುತ್ತಿದ್ದು ಆಕಸ್ಮಿಕವಲ್ಲ. ಆ ಒಂದು ಬಿಂದು ನಿಂತರೆ ಉಳಿದ ಗೆರೆ ನಿಲ್ಲುತ್ತದೆ.

ಗುರುತುಗಳು ಉಳಿಯಲಿಲ್ಲ ಎಂಬುದೇ ನಮ್ಮ ಕಾಲದ ದುರಂತ. ಗಡಿಯ ಹೆಗ್ಗುರುತಾಗಿದ್ದ ಸುಗ್ಗಲಮ್ಮ ದೇವಿಯ ಗುಡಿ ಸಿಡಿಮದ್ದಿಗೆ ಹೋಯಿತು. ಭಕ್ತರಿಗೆ ಅದು ದೇವರ ಮೇಲೆ ನಡೆದ ಅಪಚಾರ. ಕಾಗದ ಹುಡುಕುವವನಿಗೆ ಅದರ ಜೊತೆಗೆ ಇನ್ನೊಂದು ನಷ್ಟವೂ ಇದೆ. ಹಳೆಯ ವಿವರಣೆ ನೆಲವನ್ನು ಮುಟ್ಟುತ್ತಿದ್ದ ಒಂದು ಜಾಗವೇ ಇಲ್ಲವಾಯಿತು. ಏಣನ್ನೇ ಕಡಿದು ಲಾರಿಗೆ ತುಂಬಿದ ಮೇಲೆ "ಏಣಿನ ಗುಂಟ" ಎಂಬ ಮಾತನ್ನು ಯಾರಿಗೆ ತೋರಿಸುವುದು? ಸುಪ್ರೀಂ ಕೋರ್ಟು 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಗಡಿ ನಿಷ್ಕರ್ಷೆಯಾಗುವವರೆಗೆ ಅಂಚಿನಲ್ಲಿರುವ 7 ಗಣಿ ಗುತ್ತಿಗೆಗಳ ಕೆಲಸವನ್ನು ನಿಲ್ಲಿಸಿಡಬೇಕೆಂದು ಹೇಳಿತು. ಆ ಆದೇಶವನ್ನು ಗಣಿಯ ವಿಷಯವಾಗಿಯಷ್ಟೇ ಓದಿದವರು ಬಹಳ. ನನಗೆ ಅದು ದಾಖಲೆಯ ವಿಷಯವಾಗಿಯೂ ಕಾಣುತ್ತದೆ. ಕಲ್ಲು ಕಿತ್ತ ಮೇಲೆ ಕಾಗದವೊಂದೇ ಸಾಕ್ಷಿ, ಆ ಕಾಗದವೂ ಒಂದೆಡೆ ಇಲ್ಲ ಎಂಬ ಸ್ಥಿತಿಗೆ ನಾವು ಬಂದು ಮುಟ್ಟಿದ್ದೆವು. 1896ರ ಅರಣ್ಯ ನಕ್ಷೆ ಅಂದು ಎಲ್ಲೋ ಒಂದು ಬೀರುವಿನಲ್ಲಿ ಉಳಿದಿರದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ನಿಜಕ್ಕೂ ಭಯವಾಗುತ್ತದೆ.

ಇನ್ನು ಹುಡುಕಬೇಕಾದ ಕಡೆ

ಸರ್ಕಾರಿ ಕೋಣೆಗಳ ಹೊರಗೂ ಈ ಕಾಗದಗಳಿವೆ ಎಂಬ ನಂಬಿಕೆ ನನಗೆ ದಿನದಿನಕ್ಕೆ ಗಟ್ಟಿಯಾಗುತ್ತಿದೆ. ಹಳ್ಳಿಯ ಲೆಕ್ಕ ಬರೆಯುತ್ತಿದ್ದ ಕರಣಂ ಹುದ್ದೆ ವಂಶಪಾರಂಪರ್ಯದ್ದು. ಲೆಕ್ಕದ ಕಾಗದಗಳು ಕಚೇರಿಗಿಂತ ಹೆಚ್ಚಾಗಿ ಅವರ ಮನೆಯಲ್ಲೇ ಇರುತ್ತಿದ್ದವು. ಕರ್ನಾಟಕದಲ್ಲಿ ಈ ಹುದ್ದೆಗಳನ್ನು 1961ರ ಕಾಯ್ದೆ ರದ್ದುಪಡಿಸಿತು, ಆಂಧ್ರದಲ್ಲಿ 1980ರ ದಶಕದಲ್ಲಿ ರದ್ದಾದವು. ಅಧಿಕಾರ ಹೋಯಿತು. ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿದ್ದದ್ದೆಲ್ಲವನ್ನೂ ಯಾರೂ ಬಂದು ಒಯ್ಯಲಿಲ್ಲ. ಅವುಗಳಿಗಿಂತ ಹಿಂದಿನ ಒಂದು ಪದರವೂ ಇದೆ. 19ನೇ ಶತಮಾನದ ಆರಂಭದಲ್ಲಿ ಕಂಪನಿಯ ಮೋಜಣಿದಾರ ಕರ್ನಲ್ ಮೆಕೆಂಜಿಯ ಸಹಾಯಕರು ದತ್ತಮಂಡಲದ ಊರೂರಿಗೆ ಹೋಗಿ ಕೂಡಿಸಿದ ಕೈಫಿಯತ್ತುಗಳು. ಊರು ಯಾರು ಕಟ್ಟಿಸಿದರು, ಗುಡಿ ಯಾರದು, ಕೆರೆ ಯಾರದು ಎನ್ನುತ್ತ ಅವು ಎಷ್ಟೋ ಸಲ ಊರಿನ ಎಲ್ಲೆಯನ್ನೂ ಹೇಳುತ್ತವೆ. ಅವುಗಳ ಸಂಗ್ರಹ ಚೆನ್ನೈಯ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿದೆ. ಈ ಸೀಮೆಯ ಕೈಫಿಯತ್ತುಗಳಲ್ಲಿ ಹೆಚ್ಚಿನವು ತೆಲುಗಿನಲ್ಲಿವೆ. ಕನ್ನಡ ಮಾತ್ರ ಬಲ್ಲ ಸಂಶೋಧಕ ಬಳ್ಳಾರಿಯ ಅರ್ಧ ಚರಿತ್ರೆಯನ್ನು ಮುಟ್ಟದೆ ಬಿಡಬೇಕಾಗುತ್ತದೆ. ತೆಲುಗು ಮಾತ್ರ ಬಲ್ಲವರಿಗೆ ಇನ್ನರ್ಧ ತಪ್ಪುತ್ತದೆ. ಎರಡೂ ಬಲ್ಲವರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ, ಅವರಲ್ಲಿ ಹಳೆಯ ಮೋಡಿ ಬರಹ ಓದಬಲ್ಲವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಆದ್ದರಿಂದ ಗಡಿಯ ಎರಡೂ ಕಡೆಯ ಮನೆಗಳವರಲ್ಲಿ ನನ್ನದೊಂದು ಕೋರಿಕೆ. ಬಳ್ಳಾರಿ, ಸಂಡೂರು, ಸಿರುಗುಪ್ಪ, ರಾಯದುರ್ಗ, ಆಲೂರು, ಆದೋನಿ ಕಡೆಯ ಹಳೆಯ ಕರಣಂ ಮನೆತನದವರು ಮನೆ ಕೆಡವಿ ಕಟ್ಟಿಸುವಾಗ ಪೆಟ್ಟಿಗೆಯ ಕಾಗದಗಳನ್ನು ರದ್ದಿಗೆ ಹಾಕಬೇಡಿ. ಬಟ್ಟೆಯ ಮೇಲೆ ಅಂಟಿಸಿದ ನಕಾಶೆಗಳಿದ್ದರೆ ಮಡಿಸದೆ ಸುರುಳಿ ಸುತ್ತಿಡಿ, ಮಡಿಕೆಯ ಮೇಲೆಯೇ ಅವು ಮೊದಲು ಹರಿಯುತ್ತವೆ. ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು, ಪ್ರತಿ ಹಾಳೆಯ ಎರಡೂ ಮಗ್ಗುಲಿನ ಫೋಟೋ ತೆಗೆದಿಡಿ. ಹಿಂಬದಿಯ ಷರಾಗಳಲ್ಲೇ ಎಷ್ಟೋ ಸಲ ವರ್ಷವೂ ಸಹಿಯೂ ಇರುತ್ತದೆ. ಮೂಲವನ್ನು ಯಾರಿಗೂ ಕೊಡಬೇಕಾಗಿಲ್ಲ. ನನಗೆ ಸದ್ಯಕ್ಕೆ ಬೇಕಾಗಿರುವುದು ಮಲಪನಗುಡಿಯ ಹಳೆಯ ಗ್ರಾಮನಕಾಶೆ, ಅದರ ಪಶ್ಚಿಮದ ಅಂಚಿನ ಎಫ್.ಎಂ.ಬಿ. ಹಾಳೆಗಳು. ತುಮಟಿ ಕಡೆಯ ಹಾಳೆಗಳ ಪಕ್ಕದಲ್ಲಿಟ್ಟು ತಿರುವಿಗೆ ತಿರುವು ಹೊಂದಿಸಿ ನೋಡಬೇಕಾಗಿದೆ.